‘ನಿಂಗೆ ಆರ್ಟ್ಸೇ ಸರಿ ಕಣೋ’

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ನಮ್ಮ ತಾಲ್ಲೂಕು ಕೇಂದ್ರಗಳ ಸರ್ಕಾರಿ ಜೂನಿಯರ್ ಕಾಲೇಜುಗಳ ಕಿಟಕಿಯ ಮುಂದೆ ಒಂದು ನಾಟಕ ನಡೆಯುತ್ತದೆ. ನಾಟಕದ ಹೆಸರು ‘ವಿಷಯ ಆಯ್ಕೆ’. ಅರ್ಜಿಯಲ್ಲಿ ಪಿಸಿಎಂಬಿ, ಎಸ್‌ಇಬಿಎ, ಎಚ್‌ಇಪಿಎಸ್ ಅಂತ ಸಾಲಾಗಿ ಅಕ್ಷರಗಳು. ಹುಡುಗ ಆ ಅಕ್ಷರಗಳನ್ನು ನೋಡುತ್ತಾನೆ, ಜೊತೆಗೆ ಬಂದ ಅಪ್ಪ ಹುಡುಗನ ಮುಖ ನೋಡುತ್ತಾನೆ, ಗುಮಾಸ್ತ ಗಡಿಯಾರ ನೋಡುತ್ತಾನೆ. ‘ಯಾವ್ದು ಬರೀಬೇಕು ನೀವೇ ಯೋಳಿ ಸ್ವಾಮಿ’ ಎನ್ನುತ್ತಾನೆ ಅಪ್ಪ. ಐದು ನಿಮಿಷದಲ್ಲಿ ಒಂದು ಚೌಕದೊಳಗೆ ಗುರುತು ಬಿದ್ದಿರುತ್ತದೆ. ಮೂರು ನಾಲ್ಕು ವರ್ಷ ಕಳೆದ ಮೇಲೆ ಯಾವುದೋ ಡಿಗ್ರಿ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತಾ ಮಹನೀಯರೊಬ್ಬರು ಹೇಳುತ್ತಾರೆ: ‘ಬೇಸಿಕ್ಸೇ ಇಲ್ಲ ಕಣ್ರೀ ಇವಕ್ಕೆ. ಮೊದಲೇ ಸರಿಯಾದ ಸಬ್ಜೆಕ್ಟ್ ತಗೊಂಡಿಲ್ಲ. ಇಲ್ಲಿ ಬಂದು ಫೇಲಾಗ್ತಾವೆ. ಮೇಲೆ ರಿಸರ್ವೇಶನ್ ಬೇರೆ.’

ಈ ಮಾತಿನ ಒಳಗೆ ಒಂದು ಸತ್ಯವಿದೆ, ಒಂದು ಮೋಸವಿದೆ. ಎರಡನ್ನೂ ಬಿಡಿಸಿ ನೋಡದೆ ನಾವು ಬರೀ ಸಿಟ್ಟಾಗಿ ಎದ್ದು ಬಂದರೆ ಗೆಲ್ಲುವವರು ಆ ಮಹನೀಯರೇ.

ಸತ್ಯ ಮೊದಲು. ಶಾಲೆಯಲ್ಲಿ ಏನು ಓದಿದೆ ಎಂಬುದಕ್ಕೂ ಕಾಲೇಜಿನಲ್ಲಿ ಹೇಗೆ ಓದುತ್ತೇವೆ ಎಂಬುದಕ್ಕೂ ಗಟ್ಟಿಯಾದ ನಂಟಿದೆ. ಇದನ್ನು ಅಲ್ಲಗಳೆಯುವ ಅಗತ್ಯ ನಮಗಿಲ್ಲ. ಅಮೆರಿಕದಲ್ಲಿ ಫಿಲಿಪ್ ಸ್ಯಾಡ್ಲರ್, ರಾಬರ್ಟ್ ಟಾಯ್ ಎಂಬಿಬ್ಬರು ಕಾಲೇಜಿನ ಮೊದಲ ಹಂತದ ವಿಜ್ಞಾನ ತರಗತಿಗಳ ಸಾವಿರಾರು ವಿದ್ಯಾರ್ಥಿಗಳನ್ನು ನೋಡಿ 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಓದಿದ್ದರೆ ಕಾಲೇಜಿನ ರಸಾಯನಶಾಸ್ತ್ರಕ್ಕೆ ನೆರವಾಗುತ್ತದೆ, ಭೌತಶಾಸ್ತ್ರಕ್ಕೆ ಹೇಳಿಕೊಳ್ಳುವಂಥ ನೆರವಾಗುವುದಿಲ್ಲ. ಒಂದು ವಿಜ್ಞಾನ ಇನ್ನೊಂದರ ಕೈ ಹಿಡಿಯುವುದಿಲ್ಲ. ಆದರೆ ಗಣಿತವೊಂದು ಮಾತ್ರ ಭೌತ, ರಸಾಯನ, ಜೀವಶಾಸ್ತ್ರ ಮೂರರ ಕೈಯನ್ನೂ ಹಿಡಿಯುತ್ತದೆ. ಅದಕ್ಕೂ ಮುಂಚೆ 1999ರಲ್ಲಿ ಅದೇ ದೇಶದ ಶಿಕ್ಷಣ ಇಲಾಖೆಗಾಗಿ ಕ್ಲಿಫರ್ಡ್ ಅಡೆಲ್‌ಮನ್ ಎಂಬವರು ಹತ್ತನೇ ತರಗತಿಯ ಮಕ್ಕಳನ್ನು ಅವರಿಗೆ ಮೂವತ್ತು ವಯಸ್ಸಾಗುವವರೆಗೆ ಹಿಂಬಾಲಿಸಿದ ದಾಖಲೆಗಳನ್ನು ಕೂತು ಓದಿದರು. ಯಾರು ಡಿಗ್ರಿ ಮುಗಿಸಿದರು, ಯಾರು ನಡುವೆ ಬಿಟ್ಟರು? ಪ್ರವೇಶ ಪರೀಕ್ಷೆಯ ಅಂಕಕ್ಕಿಂತ, ತರಗತಿಯ ರ‍್ಯಾಂಕಿಗಿಂತ, ಅಪ್ಪನ ಆದಾಯಕ್ಕಿಂತ ಹೆಚ್ಚಾಗಿ ಡಿಗ್ರಿಯನ್ನು ನಿರ್ಧರಿಸಿದ್ದು ಹೈಸ್ಕೂಲಿನಲ್ಲಿ ಓದಿದ ಪಾಠದ ಗಟ್ಟಿತನ, ಅದರಲ್ಲೂ ಗಣಿತವನ್ನು ಎಲ್ಲಿಯವರೆಗೆ ಓದಿದ್ದರು ಎಂಬುದು.

ಅಡೆಲ್‌ಮನ್ ಇನ್ನೊಂದು ಮಾತು ಹೇಳಿದರು. ಗಟ್ಟಿ ಪಾಠದಿಂದ ಆಗುವ ಈ ಲಾಭ ಕಪ್ಪು ಜನರ ಮಕ್ಕಳಲ್ಲಿ, ಲ್ಯಾಟಿನೋ ಮಕ್ಕಳಲ್ಲಿ ಬಿಳಿಯರ ಮಕ್ಕಳಿಗಿಂತ ಹೆಚ್ಚು. ಅಂದರೆ ಮನೆಯಲ್ಲಿ ಪುಸ್ತಕವಿಲ್ಲದ, ಟ್ಯೂಷನ್ ಇಲ್ಲದ, ಇಂಜಿನಿಯರ್ ಮಾವನಿಲ್ಲದ ಮಗುವಿಗೆ ಶಾಲೆ ಕೊಡುವ ಪಾಠವೇ ಸರ್ವಸ್ವ. ನಮ್ಮ ಮೆರಿಟ್‌ವಾದಿಗಳು ಮೊದಲಿನ ಮಾತನ್ನು ಹಿಡಿದುಕೊಂಡು ಕುಣಿಯುತ್ತಾರೆ, ಈ ಮಾತು ಬಂದಾಗ ಕೆಮ್ಮುತ್ತಾರೆ.

ಇನ್ನು ಮೋಸ. ಅದು ಅಡಗಿರುವುದು ‘ತಗೊಂಡಿಲ್ಲ’ ಎಂಬ ಪದದಲ್ಲಿ. ತಗೊಳ್ಳಬೇಕಾದರೆ ಕೊಡುವವರಿರಬೇಕು. ಕೊಟ್ಟವರು ಯಾರು, ಎಲ್ಲಿ, ಯಾವಾಗ?

ಹತ್ತನೇ ತರಗತಿಯವರೆಗೆ ಎಲ್ಲ ಮಕ್ಕಳಿಗೂ ಒಂದೇ ಪಾಠ, ಗಣಿತ ವಿಜ್ಞಾನ ಎಲ್ಲರಿಗೂ ಕಡ್ಡಾಯ ಎಂದು ಕೊಠಾರಿ ಆಯೋಗ (1964–66) ಹೇಳಿತು. ಅದಕ್ಕೆ ಮುಂಚಿನ ಮುದಲಿಯಾರ್ ಆಯೋಗ (1952–53) ಹೈಸ್ಕೂಲಿನಲ್ಲೇ ಮಕ್ಕಳನ್ನು ಏಳು ಗುಂಪಾಗಿ ಒಡೆಯುವ ಬಹೂದ್ದೇಶ ಶಾಲೆಗಳ ಮಾತಾಡಿತ್ತು. ಕಾಗದದ ಮೇಲೆ ಕೊಠಾರಿ ಗೆದ್ದರು. ನೆಲದ ಮೇಲೆ ಒಡೆಯುವ ಕೆಲಸ ನಿಂತಿಲ್ಲ, ಹೆಸರು ಬದಲಾಗಿದೆ ಅಷ್ಟೆ. ನಮ್ಮ ಸರ್ಕಾರಿ ಹೈಸ್ಕೂಲುಗಳಲ್ಲಿ ಪಿಸಿಎಂ ಮೇಷ್ಟ್ರು ಅಂತ ಒಂದು ಹುದ್ದೆ, ಸಿಬಿಝಡ್ ಮೇಷ್ಟ್ರು ಅಂತ ಒಂದು ಹುದ್ದೆ. ಪಿಸಿಎಂ ಹುದ್ದೆ ಖಾಲಿ ಬಿದ್ದರೆ ಸಿಬಿಝಡ್‌ನವರೇ ಲೆಕ್ಕವನ್ನೂ ಎಳೆಯಬೇಕು. ಅವರೂ ತರಬೇತಿಗೆ ಹೋದರೆ ಡ್ರಿಲ್ ಮೇಷ್ಟ್ರು ಬಂದು ‘ಲೆಕ್ಕ ಮಾಡ್ಕೊಳ್ರೋ’ ಎಂದು ಬಾಗಿಲ ಬಳಿ ಕುರ್ಚಿ ಹಾಕಿಕೊಳ್ಳುತ್ತಾರೆ. ಒಂದೇ ಪುಸ್ತಕ ಕೊಟ್ಟ ಮಾತ್ರಕ್ಕೆ ಒಂದೇ ಪಾಠ ಆಗುವುದಿಲ್ಲ ಸ್ವಾಮಿ.

ಹತ್ತನೇ ಕ್ಲಾಸಿನ ಜನವರಿ ತಿಂಗಳು ಬಂತೆಂದರೆ ‘ಪಾಸಿಂಗ್ ಪ್ಯಾಕೇಜ್’ ಶುರು. ಓದುವ ಗ್ರಾಮೀಣ ಉಪಾಧ್ಯಾಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ತರಗತಿಯನ್ನು ಎರಡು ಭಾಗ ಮಾಡುವುದು. ಮುಂದಿನ ಬೆಂಚಿನವರಿಗೆ ಪೂರ್ತಿ ಪುಸ್ತಕ. ಹಿಂದಿನ ಬೆಂಚಿನವರಿಗೆ ಥೇಲ್ಸನ ಪ್ರಮೇಯ, ಪೈಥಾಗೊರಸನ ಪ್ರಮೇಯ, ಒಂದು ನಕ್ಷೆ, ಒಂದು ಸ್ಪರ್ಶಕದ ರಚನೆ. ಇಷ್ಟನ್ನು ಬಾಯಿಪಾಠ ಮಾಡಿಸಿ ದಡ ಹತ್ತಿಸುವುದು. ಇದರ ಹಿಂದೆ ಕೆಟ್ಟ ಮನಸ್ಸಿದೆ ಎಂದು ನಾನು ಹೇಳುತ್ತಿಲ್ಲ. ರಿಸಲ್ಟು ಬಿದ್ದರೆ ಮೇಲಿನಿಂದ ನೋಟೀಸು ಬರುತ್ತದೆ, ಮಗು ಫೇಲಾದರೆ ಗಾರೆ ಕೆಲಸಕ್ಕೆ ಹೋಗುತ್ತದೆ, ಮೇಷ್ಟ್ರು ಏನು ಮಾಡಬೇಕು? ಆದರೆ ಅರ್ಥ ಮಾಡಿಕೊಳ್ಳಿ. ಹಿಂದಿನ ಬೆಂಚಿನಲ್ಲಿ ಯಾರು ಕೂತಿದ್ದಾರೆ ಎಂದು ಒಮ್ಮೆ ತಿರುಗಿ ನೋಡಿ. ಕೇರಿಯ ಮಕ್ಕಳು, ಹಟ್ಟಿಯ ಮಕ್ಕಳು, ಕಬ್ಬು ಕಡಿಯಲು ಹೋದ ತಾಯಿತಂದೆಯ ಜೊತೆ ಅರ್ಧ ವರ್ಷ ಶಾಲೆ ತಪ್ಪಿಸಿಕೊಂಡ ಮಕ್ಕಳು. ಪಿಯು ಅರ್ಜಿಯಲ್ಲಿ ಜೂನ್‌ನಲ್ಲಿ ಬೀಳುವ ಗುರುತು ನಿಜವಾಗಿ ಬಿದ್ದದ್ದು ಜನವರಿಯಲ್ಲಿ, ಬೆಂಚು ಬೇರೆ ಮಾಡಿದ ದಿನ. ಪ್ಯಾಕೇಜಿನಲ್ಲಿ ಪಾಸಾದ ಮಗು ಗಣಿತವನ್ನು ಪಾಸು ಮಾಡಿರುತ್ತದೆ, ಗಣಿತ ಅದರ ಕೈಗೆ ಬಂದಿರುವುದಿಲ್ಲ.

ಪ್ಯಾಕೇಜಿನಿಂದ ತಪ್ಪಿಸಿಕೊಂಡು ಒಳ್ಳೇ ಅಂಕ ತೆಗೆದ ಮಕ್ಕಳ ಕಥೆ ಬೇರೆ. ನನ್ನದನ್ನೇ ಹೇಳುವುದಾದರೆ, ಹತ್ತನೇ ಕ್ಲಾಸಿನ ಗಣಿತದಲ್ಲಿ ನನಗೆ ಬಂದದ್ದು ಎಂಬತ್ತೊಂದು. ಸೇರಲು ಹೋದ ಕಾಲೇಜಿನ ಗುಮಾಸ್ತರು ಅಂಕಪಟ್ಟಿಯನ್ನು ಪಕ್ಕಕ್ಕೆ ಸರಿಸಿ ಅದರ ಕೆಳಗಿದ್ದ ಜಾತಿ ಸರ್ಟಿಫಿಕೇಟನ್ನು ನಿಧಾನವಾಗಿ ಓದಿದರು. ‘ಹಾಸ್ಟೆಲ್ಲಾ? ನಿಂಗೆ ಆರ್ಟ್ಸೇ ಸರಿ ಕಣೋ. ಸೈನ್ಸ್ ತಗೊಂಡು ಕಾಲೇಜು ರಿಸಲ್ಟ್ ಹಾಳು ಮಾಡ್ಬೇಡ’ ಅಂದರು. ‘ನೀವು ಯೋಳ್ದಂಗೇ ಆಗ್ಲಿ ಸಾ’ ಎಂದು ಅಪ್ಪ ಕೈ ಮುಗಿದ. ಗುಡಿಯ ಹೊರಗೆ ನಿಂತು ಅಭ್ಯಾಸವಿದ್ದವನಿಗೆ ಒಳಗಿನವರ ಮಾತಿಗೆ ಎದುರಾಡಿ ಗೊತ್ತಿರಲಿಲ್ಲ. ಹಾಗೆ ನಾನು ಇತಿಹಾಸದ ವಿದ್ಯಾರ್ಥಿಯಾದೆ. ಇತಿಹಾಸ ಓದಿದ್ದಕ್ಕೆ ನನಗೆ ವಿಷಾದವಿಲ್ಲ, ಅದು ನನಗೆ ಕಣ್ಣು ಕೊಟ್ಟಿದೆ. ಕೇಳದೆ ಬರೆದ ಆ ನೀಲಿ ಶಾಯಿಯ ಮೇಲೆ ಸಿಟ್ಟಿದೆ.

ಹೆಣ್ಣುಮಕ್ಕಳದ್ದು ಇನ್ನೂ ಸಣ್ಣ ಕಾರಣ, ಇನ್ನೂ ದೊಡ್ಡ ಅನ್ಯಾಯ. ಪ್ರಾಕ್ಟಿಕಲ್ ಇದ್ದ ದಿನ ಲ್ಯಾಬು ಮುಗಿಯುವುದು ಸಂಜೆ. ಊರ ಕಡೆಯ ಬಸ್ಸು ಅದಕ್ಕೆ ಮುಂಚೆಯೇ ಹೊರಟಿರುತ್ತದೆ. ‘ಕತ್ಲಾದ್ಮೇಲೆ ಗೇಟ್‌ನಿಂದ ಒಬ್ಳೇ ನಡ್ಕಂಡ್ ಬತ್ತೀಯಾ? ಬ್ಯಾಡ ಕಣವ್ವ, ಯಾವ್ದಾರ ಮಧ್ಯಾಹ್ನ ಮುಗಿಯೋದು ತಕ್ಕೋ’ ಎನ್ನುತ್ತಾಳೆ ತಾಯಿ. ಆ ತಾಯಿಯ ಭಯ ಸುಳ್ಳಲ್ಲ. ಹೀಗೆ ಒಬ್ಬ ಹುಡುಗಿಯ ಭೌತಶಾಸ್ತ್ರವನ್ನು ತೀರ್ಮಾನಿಸಿದ್ದು ಸಾರಿಗೆ ಸಂಸ್ಥೆಯ ವೇಳಾಪಟ್ಟಿ. ನಾಳೆ ಯಾವುದೋ ಸಮೀಕ್ಷೆಯಲ್ಲಿ ‘ಗ್ರಾಮೀಣ ಹೆಣ್ಣುಮಕ್ಕಳಿಗೆ ವಿಜ್ಞಾನದಲ್ಲಿ ಆಸಕ್ತಿ ಕಡಿಮೆ’ ಎಂದು ಅಚ್ಚಾಗುತ್ತದೆ.

ಆರ್ಟ್ಸ್ ಸುಲಭ, ನಿಮ್ಮಂಥವರಿಗೆ ಅದೇ ಒಳ್ಳೆಯದು ಎಂದು ಉಪದೇಶ ಮಾಡುವವರು 2025ರ ದ್ವಿತೀಯ ಪಿಯುಸಿ ಮೊದಲ ಪರೀಕ್ಷೆಯ ಫಲಿತಾಂಶವನ್ನು ತೆಗೆದು ನೋಡಲಿ. ವಿಜ್ಞಾನದಲ್ಲಿ ನೂರಕ್ಕೆ ಸುಮಾರು 82 ಮಂದಿ ಪಾಸು. ಕಾಮರ್ಸಿನಲ್ಲಿ 76. ಕಲಾ ವಿಭಾಗದಲ್ಲಿ 53. ‘ಸುಲಭ’ದ ದಾರಿಗೆ ಅಟ್ಟಿದ ಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ದಾರಿಯಲ್ಲೇ ಬಿದ್ದರು. ಇತಿಹಾಸ, ರಾಜ್ಯಶಾಸ್ತ್ರಗಳು ಕಷ್ಟವೆಂದಲ್ಲ. ಮೊದಲೇ ಸೋತವರೆಂದು ಹಣೆಪಟ್ಟಿ ಹಚ್ಚಿದ ಮಕ್ಕಳನ್ನೆಲ್ಲ ಒಂದು ಕೋಣೆಗೆ ತುಂಬಿ, ಅತಿಥಿ ಉಪನ್ಯಾಸಕರ ನೇಮಕದ ಆದೇಶ ಬರುವವರೆಗೆ ಪಾಠವಿಲ್ಲದೆ ಕೂರಿಸಿದರೆ ಯಾವ ವಿಷಯವಾದರೂ ಕಷ್ಟವೇ. ನಾವು ಆರ್ಟ್ಸನ್ನು ಹೀಗಳೆಯುವವರಲ್ಲ. ಸಮಾಜವನ್ನು ಓದುವ ವಿದ್ಯೆ ನಮಗೆ ಬೇಕೇ ಬೇಕು. ಆದರೆ ಅದನ್ನು ಕಸದ ತೊಟ್ಟಿಯ ಹಾಗೆ ಬಳಸುವವರ ಬಾಯಲ್ಲಿ ‘ಮಾನವಿಕ ಶಾಸ್ತ್ರಗಳ ಹಿರಿಮೆ’ ಕೇಳುವ ತಾಳ್ಮೆ ಇಲ್ಲ.

ವಿಷಯ ಆಯ್ಕೆಯ ಹೆಸರಿನಲ್ಲಿ ನಡೆಯುವ ಈ ಹೊರಗಿಡುವಿಕೆ ಹೊಸದೂ ಅಲ್ಲ. ಬಾಬಾಸಾಹೇಬರನ್ನೇ ನೋಡಿ. ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಓದುವಾಗ ಅವರಿಗೆ ಸಂಸ್ಕೃತ ಕಲಿಯುವ ಆಸೆಯಿತ್ತು. ಅಸ್ಪೃಶ್ಯನೆಂಬ ಕಾರಣಕ್ಕೆ ಅದು ದಕ್ಕಲಿಲ್ಲ, ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. ಇದನ್ನೂ ಅವರ ‘ಆಯ್ಕೆ’ ಎಂದೇ ದಾಖಲೆಯಲ್ಲಿ ಬರೆದಿರಬೇಕು! 1907ರಲ್ಲಿ ಮೆಟ್ರಿಕ್ ಪಾಸಾದಾಗ ಅವರಿಗೆ ಬಂದ ಅಂಕ 750ಕ್ಕೆ 282. ನೂರಕ್ಕೆ 38 ಕೂಡ ಇಲ್ಲ. ಇವತ್ತಿನ ಯಾವ ಕೆರಿಯರ್ ಕೌನ್ಸೆಲಿಂಗ್ ಪಂಡಿತನ ಮುಂದೆ ಆ ಅಂಕಪಟ್ಟಿ ಇಟ್ಟರೂ ‘ಐಟಿಐ ಮಾಡಿಸಿ’ ಎನ್ನುತ್ತಾನೆ. ಆ ಹುಡುಗ 1912ರಲ್ಲಿ ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳಲ್ಲಿ ಬಿಎ ಆದ. 1913ರಲ್ಲಿ ಬರೋಡಾ ಮಹಾರಾಜರ ಸ್ಕಾಲರ್‌ಶಿಪ್ಪಿನ ಮೇಲೆ ಕೊಲಂಬಿಯಾಕ್ಕೆ ಹೋಗಿ ಅರ್ಥಶಾಸ್ತ್ರವೊಂದರಲ್ಲೇ 29 ಕೋರ್ಸು ಓದಿದ. ನಡುವೆ ಬದಲಾದದ್ದು ಏನು? ತಲೆ ಅದೇ. ಒಂದು ಲೈಬ್ರರಿ ಬಂತು, ಊಟದ ಚಿಂತೆ ಕಡಿಮೆಯಾಯಿತು, ಮುಟ್ಟಿದರೆ ಮೈಲಿಗೆ ಎನ್ನದ ಮೇಷ್ಟರುಗಳು ಬಂದರು.

ಹಾಗೆಂದು ಹೈಸ್ಕೂಲಿನ ಆ ಪೆಟ್ಟು ಮಾಯವಾಗಲಿಲ್ಲ. 1946ರಲ್ಲಿ ‘ಶೂದ್ರರು ಯಾರು?’ ಎಂಬ ಪುಸ್ತಕ ಬರೆದಾಗ, ಸಂಸ್ಕೃತದಲ್ಲಿ ತನಗೆ ಪ್ರಭುತ್ವವಿಲ್ಲವೆಂಬ ಆಕ್ಷೇಪಕ್ಕೆ ಮುನ್ನುಡಿಯಲ್ಲೇ ಉತ್ತರ ಕೊಟ್ಟು ಅವರು ಮುಂದೆ ಹೋಗಬೇಕಾಯಿತು. ಶಾಲೆಯ ಬೆಂಚಿನ ಮೇಲೆ ಮುಚ್ಚಿದ ಬಾಗಿಲಿಗೆ ನಲವತ್ತು ವರ್ಷದ ಮೇಲೂ, ಅಷ್ಟು ದೊಡ್ಡ ವಿದ್ವಾಂಸನೂ, ಲೆಕ್ಕ ಒಪ್ಪಿಸಬೇಕಾಯಿತು. ಬಾಗಿಲು ಮುಚ್ಚಿದವರೇ ‘ನಿನಗೆ ಒಳಗಿನದು ಗೊತ್ತಿಲ್ಲ’ ಎಂದು ಆಕ್ಷೇಪಿಸುವುದು ಈ ದೇಶದ ಹಳೆಯ ವರಸೆ. ಏಕಲವ್ಯ, ಶಂಬೂಕರ ಹೆಸರು ಹೇಳಿ ಹೇಳಿ ನಮಗೂ ಸಾಕಾಗಿದೆ. ಅಂಕಪಟ್ಟಿ ಇರುವ ಉದಾಹರಣೆಯೇ ಇರುವಾಗ ಪುರಾಣ ಯಾಕೆ?

ಸಂಸ್ಕೃತದ ಮಾತು ಬಂತಲ್ಲ, ನಮ್ಮ ರಾಜ್ಯದ ಲೆಕ್ಕಕ್ಕೆ ಬರೋಣ. 1980ರಲ್ಲಿ ಗೋಕಾಕ್ ಸಮಿತಿ ಕೂತದ್ದೇ, ಹೈಸ್ಕೂಲಿನಲ್ಲಿ ಸಂಸ್ಕೃತವು ಪ್ರಥಮ ಭಾಷೆಯಾಗಿ ಇರಬೇಕೆ ಎಂಬ ಜಗಳಕ್ಕೆ. 1981ರಲ್ಲಿ ವರದಿ ಬಂತು, 1982ರಲ್ಲಿ ರಾಜ್‌ಕುಮಾರ್ ಬೀದಿಗಿಳಿದರು, ನಾಡೇ ಎದ್ದಿತು. ಇಷ್ಟಾದ ಮೇಲೂ ಎಸ್ಸೆಸ್ಸೆಲ್ಸಿಯಲ್ಲಿ 125 ಅಂಕದ ಪ್ರಥಮ ಭಾಷೆಗಳ ಪಟ್ಟಿಯಲ್ಲಿ ಸಂಸ್ಕೃತ ಉಳಿದಿದೆ. ಪಿಯು ಫಲಿತಾಂಶದ ದಿನ ನೂರಕ್ಕೆ ನೂರು ತೆಗೆದವರ ಪಟ್ಟಿಯಲ್ಲಿ ಸಂಸ್ಕೃತದ್ದು ಮುಂದಿನ ಸಾಲು. ಪೇಟೆಯ ಖಾಸಗಿ ಶಾಲೆಯ ತಂದೆತಾಯಿಗಳಿಗೆ ಇದು ಭಾಷಾಪ್ರೇಮವಲ್ಲ, ಸರಾಸರಿ ಎತ್ತುವ ಜ್ಯಾಕು. ಸರ್ಕಾರಿ ಹೈಸ್ಕೂಲಿನ ನಮ್ಮ ಹುಡುಗನಿಗೆ ಈ ‘ಆಯ್ಕೆ’ ಇರುವುದೇ ಗೊತ್ತಿಲ್ಲ. ಅವನು ಕನ್ನಡದಲ್ಲಿ ಹಳಗನ್ನಡದ ಪದ್ಯಕ್ಕೆ ಭಾವಾರ್ಥ ಬರೆದು, ಒತ್ತಕ್ಷರ ತಪ್ಪಿದ್ದಕ್ಕೆ ಅರ್ಧರ್ಧ ಅಂಕ ಕಳೆದುಕೊಂಡು ಬರುತ್ತಾನೆ. ಕೊನೆಗೆ ಇಬ್ಬರನ್ನೂ ಒಂದೇ ಶೇಕಡಾವಾರಿನ ತಕ್ಕಡಿಯಲ್ಲಿ ತೂಗಿ, ಮೆರಿಟ್ ಎನ್ನುತ್ತಾರೆ.

ಆಮೇಲೆ ಮಾಧ್ಯಮದ ಹೊಳೆ. ಹತ್ತರವರೆಗೆ ಕನ್ನಡದಲ್ಲಿ ವಿಜ್ಞಾನ ಓದಿದ ಮಗು ಪಿಯು ಸೈನ್ಸಿಗೆ ಹೇಗೋ ಸೇರಿತು ಎನ್ನಿ. ‘ದ್ಯುತಿಸಂಶ್ಲೇಷಣೆ’ ಎಂದು ನಾಲಿಗೆ ಹೊರಳಿಸಿ ಕಲಿತದ್ದು ಅಲ್ಲಿ ‘ಫೋಟೋಸಿಂಥೆಸಿಸ್’. ‘ವೇಗೋತ್ಕರ್ಷ’ ಹೋಗಿ ‘ಆಕ್ಸಿಲರೇಷನ್’. ‘ಜಡತ್ವ’ ಹೋಗಿ ‘ಇನರ್ಷಿಯಾ’. ಇದರಲ್ಲಿ ಇನ್ನೊಂದು ತಮಾಷೆ ಗಮನಿಸಿ. ದ್ಯುತಿಸಂಶ್ಲೇಷಣೆ ನಮ್ಮ ಕೇರಿಯ ಕನ್ನಡವೇ? ನಮ್ಮವ್ವ ‘ಸೊಪ್ಪು ಬಿಸ್ಲು ಕುಡಿದು ಬೆಳೀತದೆ’ ಎನ್ನುತ್ತಾಳೆ. ಬಾಬಾಸಾಹೇಬರಿಗೆ ನಿರಾಕರಿಸಿದ ಸಂಸ್ಕೃತವನ್ನು ಕನ್ನಡದ ವೇಷ ಹಾಕಿಸಿ ಹತ್ತು ವರ್ಷ ಬಾಯಿಪಾಠ ಮಾಡಿಸಿ, ಹನ್ನೊಂದನೇ ವರ್ಷ ಅದನ್ನೂ ಕಿತ್ತುಕೊಂಡು ಇಂಗ್ಲಿಷ್ ಕೊಡುತ್ತಾರೆ. ಒಂದೇ ಗಿಡವನ್ನು ಮೂರು ಭಾಷೆಯಲ್ಲಿ ಕಲಿಯಬೇಕಾದ ಮಗು ಒಂದೇ ಭಾಷೆಯಲ್ಲಿ ಕಲಿತ ಮಗುವಿಗಿಂತ ಹಿಂದೆ ಬಿದ್ದರೆ ಅದು ದಡ್ಡತನವಂತೆ. ಪಿಯು ವಿಜ್ಞಾನದ ಪ್ರಶ್ನೆಪತ್ರಿಕೆಯಲ್ಲಿ ಕನ್ನಡವೂ ಅಚ್ಚಾಗಿರಬಹುದು, ಪಾಠ ನಡೆಯುವುದು ಇಂಗ್ಲಿಷಿನಲ್ಲೇ. 2017ರಿಂದ ನೀಟ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಕನ್ನಡದಲ್ಲಿ ಪಾಠವೇ ಮಾಡದೆ ಕನ್ನಡದಲ್ಲಿ ಪರೀಕ್ಷೆ ಬರೆಯುವ ಹಕ್ಕು ಕೊಟ್ಟರೆ ಅದು ನೀರಿಲ್ಲದ ಬಾವಿಗೆ ಹಗ್ಗ ಕೊಟ್ಟ ಹಾಗೆ.

ಬಸವಲಿಂಗಪ್ಪನವರು 1973ರಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದು, ದಲಿತರು ಇಂಗ್ಲಿಷ್ ಕಲಿಯಲಿ ಎಂದು ಹೇಳಿ ಮಂತ್ರಿ ಪದವಿ ಕಳೆದುಕೊಂಡರು. ಆ ಗಲಾಟೆಯ ಬೆಂಕಿಯಲ್ಲೇ ನಮ್ಮ ಹಿರಿಯರು ಸಂಘಟನೆ ಕಟ್ಟಿದರು. ನಾನು ಕನ್ನಡದಲ್ಲೇ ಪದ್ಯ ಬರೆಯುವವನು, ಆ ಮಾತಿನ ಮೊದಲರ್ಧದ ಜೊತೆ ನನಗೆ ಜಗಳವಿದೆ. ಉತ್ತರಾರ್ಧವನ್ನು ಬಸವಲಿಂಗಪ್ಪನವರ ಮೇಲೆ ಕಲ್ಲೆಸೆದ ಮನೆಗಳೇ ಎಲ್ಲರಿಗಿಂತ ಮೊದಲು ಪಾಲಿಸಿದವು, ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಕಳಿಸಿ. ಕೇರಿಯ ಶಾಲೆಗೆ ಮಾತ್ರ ಕನ್ನಡವನ್ನು ಉಳಿಸುವ ಹೊಣೆ ಬಂತು. ನಮ್ಮ ಸರ್ಕಾರಿ ಶಾಲೆಯ ಒಂದನೇ ತರಗತಿಗೆ ಇಂಗ್ಲಿಷ್ ಒಂದು ವಿಷಯವಾಗಿ ಕಾಲಿಟ್ಟದ್ದು 2007ರಲ್ಲಿ. ಅಲ್ಲಿಯವರೆಗೆ ಐದನೇ ಕ್ಲಾಸಿನಲ್ಲಿ ಎಬಿಸಿಡಿ ಬರೆದವರು ನಾವು.

ಇಷ್ಟೆಲ್ಲ ದಾಟಿ ಬಿಎಗೆ ಬಂದ ಮಗುವಿನ ಮುಂದೆ ಅರ್ಥಶಾಸ್ತ್ರದ ಪುಸ್ತಕ ತೆರೆದುಕೊಳ್ಳುತ್ತದೆ. ಬೇಡಿಕೆಯ ರೇಖೆ, ಸ್ಥಿತಿಸ್ಥಾಪಕತ್ವ, ಸೂಚ್ಯಂಕ, ಸಂಖ್ಯಾಶಾಸ್ತ್ರ. ಹತ್ತನೇ ಕ್ಲಾಸಿನ ಪ್ಯಾಕೇಜಿನ ನಂತರ ಲೆಕ್ಕ ಮುಟ್ಟದವನು ಅಲ್ಲಿ ಕೈ ಚೆಲ್ಲುತ್ತಾನೆ. ಎಂಎ ಅರ್ಥಶಾಸ್ತ್ರದ ಆಸೆ ಅಲ್ಲಿಗೆ ಮುಗಿಯಿತು. ಬಾಬಾಸಾಹೇಬರು ಮೊದಲು ಅರ್ಥಶಾಸ್ತ್ರಜ್ಞ, ಗೆಳೆಯರೇ. 1923ರಲ್ಲಿ ಅಚ್ಚಾದ ‘ದಿ ಪ್ರಾಬ್ಲಮ್ ಆಫ್ ದಿ ರುಪೀ’ ಪುಸ್ತಕದ ತುಂಬ ಅಂಕಿಅಂಶದ ಕೋಷ್ಟಕಗಳು. ಪ್ರತಿ ಏಪ್ರಿಲ್ 14ಕ್ಕೆ ಅವರ ಚಿತ್ರಕ್ಕೆ ಹಾರ ಹಾಕುವ ಎಷ್ಟು ಹುಡುಗರಿಗೆ ಆ ಕೋಷ್ಟಕಗಳನ್ನು ಓದುವ ವಿದ್ಯೆಯನ್ನು ಈ ವ್ಯವಸ್ಥೆ ಕೊಟ್ಟಿದೆ? ಅವರ ಚಿತ್ರವನ್ನು ಎಲ್ಲ ಕಚೇರಿಗಳಲ್ಲಿ ತೂಗುಹಾಕಿ, ಅವರ ವಿಷಯವನ್ನು ಅವರ ಮಕ್ಕಳಿಂದ ದೂರ ಇಟ್ಟಿದ್ದಾರೆ.

ಕಾಲೇಜಿನ ಸಾಧನೆಯನ್ನು ಹೈಸ್ಕೂಲಿನ ವಿಷಯವೊಂದೇ ಬರೆದಿಡುತ್ತದೆ ಎಂದರೆ ಕಾಲೇಜು ಕೈ ತೊಳೆದುಕೊಂಡಂತಾಯಿತು. 2007ರಲ್ಲಿ ಸುಖದೇವ್ ಥೋರಟ್ ಸಮಿತಿ ದೆಹಲಿಯ ಏಮ್ಸ್ ವೈದ್ಯಕೀಯ ಸಂಸ್ಥೆಯಲ್ಲಿ ದಲಿತ, ಆದಿವಾಸಿ ವಿದ್ಯಾರ್ಥಿಗಳು ಪಾಠದಲ್ಲೂ ಪರೀಕ್ಷೆಯಲ್ಲೂ ಹಾಸ್ಟೆಲ್‌ನಲ್ಲೂ ಅನುಭವಿಸುವ ತಾರತಮ್ಯವನ್ನು ದಾಖಲಿಸಿತು. ಅವರೆಲ್ಲ ‘ಸರಿಯಾದ ಸಬ್ಜೆಕ್ಟ್’ ತಗೊಂಡವರೇ ಅಲ್ಲವೆ? ಉತ್ತರ ಪ್ರದೇಶದ ಹಳ್ಳಿಯೊಂದರಲ್ಲಿ ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಎಂಬಿಬ್ಬರು ಆರು ಏಳನೇ ತರಗತಿಯ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಒಗಟು ಕೊಟ್ಟರು. ಜಾತಿಯ ಸುದ್ದಿ ಎತ್ತದೆ ಆಡಿಸಿದಾಗ ಮೇಲುಜಾತಿ ಕೆಳಜಾತಿ ಹುಡುಗರು ಸರಿಸಮ. ಹೆಸರು, ಜಾತಿ ಎಲ್ಲರೆದುರು ಓದಿ ಹೇಳಿ ಆಡಿಸಿದಾಗ ಕೆಳಜಾತಿಯ ಹುಡುಗರು ಬಿಡಿಸಿದ ಒಗಟುಗಳು ಇಳಿದುಹೋದವು. ನಮ್ಮ ತರಗತಿಗಳಲ್ಲಿ ‘ಎಸ್‌ಸಿ ಎಸ್‌ಟಿ ಹುಡುಗ್ರು ಎದ್ದು ನಿಲ್ರೋ, ಸ್ಕಾಲರ್‌ಶಿಪ್ ಫಾರಂ ಬಂದಿದೆ’ ಎಂದು ಕೂಗುವುದನ್ನು ನೆನಪು ಮಾಡಿಕೊಳ್ಳಿ. ಮುಂದಿನ ಪೀರಿಯಡ್ಡು ಗಣಿತ.

ಮನಸ್ಸು ಮಾಡಿದರೆ ಕಾಲೇಜಿಗೆ ಸೇತುವೆ ಕಟ್ಟುವುದು ಗೊತ್ತಿದೆ. ಡಿಪ್ಲೊಮಾ ಮುಗಿಸಿ ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ನೇರ ಸೇರುವವರಿಗೆ ಪಿಯು ಗಣಿತ ಇರುವುದಿಲ್ಲ. ಅದಕ್ಕಾಗಿ ನಮ್ಮ ತಾಂತ್ರಿಕ ವಿಶ್ವವಿದ್ಯಾಲಯ ಅವರಿಗೆ ಪ್ರತ್ಯೇಕ ಗಣಿತದ ಪೇಪರ್ ಇಟ್ಟಿತು. ಐಐಟಿಗಳಲ್ಲಿ ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಿಗೆ ಒಂದು ವರ್ಷದ ಪೂರ್ವಸಿದ್ಧತೆಯ ಕೋರ್ಸು ಇದೆ. ಅಂದಮೇಲೆ ಹೋಬಳಿಯ ಕಾಲೇಜಿನಲ್ಲಿ ಎರಡು ತಿಂಗಳ ಸೇತುವೆ ಪಾಠ ಯಾಕೆ ಇಲ್ಲ? ಅಲ್ಲಿ ಓದುವವರು ಯಾರ ಮಕ್ಕಳು ಎಂಬುದೇ ಉತ್ತರ.

ಈ ಜಗಳವನ್ನು ಬೇರೆ ಒಂದು ಜನ ಮೊದಲೇ ಹಿಡಿದಿದ್ದಾರೆ. 1972ರಲ್ಲಿ ಮುಂಬಯಿಯ ದಲಿತ ಯುವಕರು ಅಮೆರಿಕದ ಬ್ಲ್ಯಾಕ್ ಪ್ಯಾಂಥರರಿಂದ ಹೆಸರು ಎರವಲು ತಂದರು. ಆ ದೇಶದಲ್ಲೇ ಬಾಬ್ ಮೋಸೆಸ್ ಎಂಬ ಕಪ್ಪು ಹೋರಾಟಗಾರ 1961ರಲ್ಲಿ ಮಿಸಿಸಿಪಿಯ ಕಪ್ಪು ಗೇಣಿದಾರರನ್ನು ಮತಪಟ್ಟಿಗೆ ಸೇರಿಸಲು ಹೋಗಿ ಹೊಡೆತ ತಿಂದವರು, ಜೈಲು ಕಂಡವರು. ಅವರು 1982ರಲ್ಲಿ ಕೈಗೆತ್ತಿಕೊಂಡದ್ದು ಬೀಜಗಣಿತವನ್ನು. ಮಗಳ ಶಾಲೆಯಲ್ಲಿ ಎಂಟನೇ ತರಗತಿಗೆ ಬೀಜಗಣಿತ ಕಲಿಸುತ್ತಿರಲಿಲ್ಲ. ಕಲಿಯದಿದ್ದರೆ ಹೈಸ್ಕೂಲಿನ ಮೇಲಿನ ಗಣಿತ ಸಿಗದು, ಅದು ಸಿಗದಿದ್ದರೆ ಕಾಲೇಜು ಸಿಗದು. ಹಿಂದೆ ಓದುಬರಹದ ಪರೀಕ್ಷೆ ಇಟ್ಟು ಕಪ್ಪು ಜನರ ಮತ ಕಿತ್ತುಕೊಂಡರು, ಈಗ ಬೀಜಗಣಿತದಿಂದ ಅವರ ಬದುಕು ಕಿತ್ತುಕೊಳ್ಳುತ್ತಿದ್ದಾರೆ ಎಂಬುದು ಅವರ ವಾದ. ‘ಆಲ್ಜೀಬ್ರಾ ಪ್ರಾಜೆಕ್ಟ್’ ಎಂದು ಹೆಸರಿಟ್ಟು, 2021ರಲ್ಲಿ ಸಾಯುವವರೆಗೂ ಅದನ್ನೇ ಮಾಡಿದರು. ನಾವು ಪ್ಯಾಂಥರರ ಹೆಸರು ತಂದೆವು, ಈ ಪಾಠ ತರಲಿಲ್ಲ. ಹಾಸ್ಟೆಲ್ಲಿನ ಅನ್ನದಲ್ಲಿ ಹುಳು ಬಿದ್ದರೆ ಧರಣಿ ಕೂರುತ್ತೇವೆ, ಕೂರಲೇಬೇಕು. ಹೈಸ್ಕೂಲಿಗೆ ಎರಡು ವರ್ಷದಿಂದ ಪಿಸಿಎಂ ಮೇಷ್ಟ್ರಿಲ್ಲವೆಂದು ಎಷ್ಟು ಸಲ ತಾಲ್ಲೂಕು ಕಚೇರಿಗೆ ಬೀಗ ಹಾಕಿದ್ದೇವೆ?

2020ರ ರಾಷ್ಟ್ರೀಯ ಶಿಕ್ಷಣ ನೀತಿ, ಕಲೆ ವಿಜ್ಞಾನಗಳ ನಡುವೆ ಗಟ್ಟಿ ಗೋಡೆ ಬೇಡ, ಮಗು ಬೇಕಾದ್ದನ್ನು ಆರಿಸಿಕೊಳ್ಳಲಿ ಎಂದು ಚೆಂದದ ಮಾತಾಡಿತು. ನಮ್ಮ ಡಿಗ್ರಿ ಕಾಲೇಜುಗಳಿಗೆ 2021ರಲ್ಲಿ ಬಂದು 2024ರಲ್ಲಿ ಹೋಯಿತು. ವಿಜ್ಞಾನ ವಿಭಾಗವೇ ಇಲ್ಲದ ಕಾಲೇಜಿನಲ್ಲಿ ಗೋಡೆ ಒಡೆದರೆ ಆಚೆ ಸಿಗುವುದು ಬಯಲು. ಈಗ ಅದೇ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿದೆ. ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕು ವರ್ಷ ಒಂದೇ ಪ್ರೌಢ ಹಂತ ಎಂಬ ಶಿಫಾರಸು ಅದರಲ್ಲಿದೆ. ಜಾರಿಯಾದರೆ ಹತ್ತನೇ ಕ್ಲಾಸಿನ ಕಿಟಕಿ ಮುಂದಿನ ನಾಟಕದ ಸ್ಥಳ ಬದಲಾಗಬಹುದು. ಆ ನಾಲ್ಕು ವರ್ಷ ಗಣಿತ ಕಲಿಸುವವರು ಯಾರು ಎಂದು ಈಗಲೇ ಕೇಳದಿದ್ದರೆ ನಾಟಕ ಹಾಗೇ ಮುಂದುವರಿಯುತ್ತದೆ, ಪರದೆ ಮಾತ್ರ ಹೊಸದು.

ಹೋಬಳಿಗೊಂದು ಪಿಯು ವಿಜ್ಞಾನ ವಿಭಾಗ ಎಂದು ಕೇಳೋಣ, ಆದರೆ ಬೋರ್ಡು ನೇತುಹಾಕಿದರೆ ಸಾಲದು, ಬ್ಯೂರೆಟ್ಟು ಪಿಪೆಟ್ಟು ಇರುವ ಲ್ಯಾಬು, ಜೂನ್‌ನಲ್ಲೇ ಬರುವ ಲೆಕ್ಚರರು ಬೇಕು. ಆರ್ಟ್ಸ್ ಓದುವ ಮಕ್ಕಳಿಗೆ, ಕಾಮರ್ಸಿನವರು ಓದುವ ‘ಬೇಸಿಕ್ ಮ್ಯಾಥ್ಸ್’ ಹಳ್ಳಿಯ ಸರ್ಕಾರಿ ಕಾಲೇಜಿನಲ್ಲೂ ಸಿಗಬೇಕು. ಇದಕ್ಕೆ ಲ್ಯಾಬು ಬೇಡ, ಕಪ್ಪುಹಲಗೆ ಒಬ್ಬ ಮೇಷ್ಟ್ರು ಸಾಕು, ಆದ್ದರಿಂದ ದುಡ್ಡಿಲ್ಲ ಎಂಬ ನೆಪ ನಡೆಯುವುದಿಲ್ಲ. ಪ್ರಥಮ ಪಿಯು ಸೈನ್ಸಿಗೆ ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಎರಡು ತಿಂಗಳು ಎರಡೂ ಭಾಷೆಯ ಪಾಠ, ಕೈಗೆ ಒಂದು ಪದಕೋಶ.

ಹೈಸ್ಕೂಲು ಮೇಷ್ಟರುಗಳಲ್ಲಿ ಒಂದು ಮಾತು. ಪ್ಯಾಕೇಜ್ ಬಿಡಿ ಎಂದು ಹೇಳುವ ಅಧಿಕಾರ ನನಗಿಲ್ಲ, ನಿಮ್ಮ ನೋಟೀಸಿಗೆ ನಾನು ಉತ್ತರ ಬರೆಯಲಾರೆ. ಆದರೆ ಜನವರಿಯಲ್ಲಿ ಬೆಂಚು ಬೇರೆ ಮಾಡುವ ಮುಂಚೆ, ಎಂಟನೇ ಕ್ಲಾಸಿನ ಜೂನ್‌ನಲ್ಲಿ ಹಿಂದಿನ ಬೆಂಚಿಗೆ ಹೋಗಿ ಭಿನ್ನರಾಶಿ ಬರುತ್ತದೆಯೇ ಕೇಳಿ. ಬೀಜಗಣಿತದ ಭಯದ ಬೇರು ಅಲ್ಲಿದೆ. ಸಂಜೆ ಕೇರಿಯ ಅಂಬೇಡ್ಕರ್ ಭವನ ಖಾಲಿ ಬಿದ್ದಿರುತ್ತದೆ. ಬಿಎಸ್ಸಿ, ಡಿಪ್ಲೊಮಾ ಓದಿ ಕೆಲಸವಿಲ್ಲದೆ ಕೂತ ನಮ್ಮ ಹುಡುಗ ಹುಡುಗಿಯರು ಪ್ರತಿ ಊರಲ್ಲೂ ಇದ್ದಾರೆ. ಕವಿಗೋಷ್ಠಿಗೆ ಪೆಂಡಾಲು ಹಾಕಿಸುವ ನಾವು ಅಲ್ಲಿ ಒಂದು ಕಪ್ಪುಹಲಗೆ ಹಾಕಿಸಬಹುದು.

ಇನ್ನು ಬಸ್ಸಿನ ವಿಷಯ ಇದೇ ತಿಂಗಳು ಆಗುವ ಕೆಲಸ. ನಿಮ್ಮ ತಾಲ್ಲೂಕಿನ ಕಾಲೇಜಿನ ಪ್ರಾಕ್ಟಿಕಲ್ ಯಾವ ದಿನ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಯಾವ ಊರಿನ ಕೊನೆ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಎದುರುಬದುರು ಬರೆಯಿರಿ. ಒಂದು ಹಾಳೆ ಸಾಕು. ಆ ಹುಡುಗಿಯರನ್ನೂ ಅವರ ತಾಯಂದಿರನ್ನೂ ಕರೆದುಕೊಂಡು ಹೋಗಿ ಡಿಪೋ ಮ್ಯಾನೇಜರ ಮೇಜಿನ ಮೇಲೆ ಇಡಿ. ಒಂದು ಪ್ರತಿ ಪ್ರಿನ್ಸಿಪಾಲರಿಗೆ. ಸ್ವೀಕೃತಿ ಸಹಿ ಹಾಕಿಸಿಕೊಳ್ಳದೆ ಬರಬೇಡಿ.